ಹೆಬ್ಬೆಟ್ಟಿಗೆ ಮತ್ತೆ ಕಾಲ ಬಂತು

ತಿಂಗಳ ಮೊದಲ ವಾರದಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಎಂ.ಎ. ಮುಗಿಸಿದವನೂ ಶಾಲೆಯ ಮೆಟ್ಟಿಲು ಹತ್ತದವನೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಮಿಷನ್ನಿನ ಮೇಲೆ, ಒಂದೇ ರೀತಿ ಹೆಬ್ಬೆಟ್ಟು ಒತ್ತುತ್ತಾರೆ. ಇದು ರೇಷನ್ನಿನ ಮಾತಷ್ಟೇ ಅಲ್ಲ. ಕಚೇರಿಯ ಗುಮಾಸ್ತರು ಬೆಳಗಿನ ಹಾಜರಿಗೆ ಬೆರಳು ಒತ್ತುತ್ತಾರೆ. ಮೊಬೈಲಿನ ಸಿಮ್ಮಿಗೂ ಬೆರಳು ಒತ್ತಿಸಿಕೊಳ್ಳುವುದುಂಟು. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸುವುದಕ್ಕೂ ಬೆರಳು ಒತ್ತುವುದುಂಟು. ನಾವು ಹುಡುಗರಾಗಿದ್ದಾಗ ಹೆಬ್ಬೆಟ್ಟು ಅಂದರೆ ಬೈಗುಳವಾಗಿತ್ತು. ‘ಅವನೊಂದು ಹೆಬ್ಬೆಟ್ಟು, ಅವನನ್ನೇನು ಕೇಳೋದು’ ಅಂದುಬಿಟ್ಟರೆ ಪಂಚಾಯಿತಿ ಕಟ್ಟೆಯ ಮೇಲೆ ಆ ಮನುಷ್ಯನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ಸರ್ಕಾರಕ್ಕೆ ನಿಮ್ಮ ರುಜುವಿನ ಮೇಲೆ ನಂಬಿಕೆಯಿಲ್ಲ. ಅದನ್ನು ಯಾರು ಬೇಕಾದರೂ ಗೀಚಿಯಾರು. ಹೆಬ್ಬೆಟ್ಟಾದರೆ ಭಗವಂತನೇ ಕೊಟ್ಟ ಸೀಲು!

ಒಂದು ಸಲ ಹೀಗೇ ನಿಂತಿದ್ದಾಗ ನಮ್ಮೂರಿನ ಅಜ್ಜಿಯೊಬ್ಬಳ ಸರದಿ ಬಂತು. ಕಳೆ ಕಿತ್ತು, ಸಗಣಿ ತಟ್ಟಿ, ರಾಗಿ ಬೀಸಿ ಆಕೆಯ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಮಿಷನ್ನು ‘ಗೊತ್ತಿಲ್ಲ’ ಎನ್ನುತ್ತದೆ. ‘ಕೈ ತೊಳ್ಕೊಂಡು ಬಾರಜ್ಜಿ’ ಅಂದ ಅಂಗಡಿಯವನು. ತೊಳೆದು ಬಂದಳು. ಆಗಲಿಲ್ಲ. ಆ ಕೈ, ಈ ಕೈ, ಒಂದೊಂದೇ ಬೆರಳು ಎಲ್ಲ ಆಯಿತು. ಕೊನೆಗೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅಂದಳು: ‘ಹೆಬ್ಬೆಟ್ಟು ಒತ್ತಬ್ಯಾಡ, ನಾಚ್ಕೆಗೇಡು ಅಂತ ಆವತ್ತು ರಾತ್ರಿ ಎಲ್ಲಾ ಕುಂಡ್ರುಸ್ಕಂಡು ರುಜು ಕಲ್ಸುದ್ರಿ. ಈಗ ರುಜು ಬ್ಯಾಡ, ಹೆಬ್ಬೆಟ್ಟು ತತ್ತಾ ಅಂತೀರಿ. ನಿಮ್ ನಿಮ್ಮಲ್ಲೇ ಒಂದು ಮಾತು ತೀರ್ಮಾನ ಮಾಡ್ಕಳ್ರಪ್ಪ.’ ಸಾಲೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಆದರೆ ಕೊಂಚ ಮುಖ ಮರೆಸಿಕೊಂಡು. ಏಕೆಂದರೆ ರಾತ್ರಿ ಹೊತ್ತು ಕೂರಿಸಿಕೊಂಡು ಕಲಿಸಿದವರಲ್ಲಿ ನಾನೂ ಒಬ್ಬ.

ಈಗಿನ ಹುಡುಗರಿಗೆ ಆ ಕಾಲದ ಹುರುಪು ಹೇಳಿದರೆ ಅರ್ಥವಾಗುವುದು ಕಷ್ಟ. ಕೇಂದ್ರ ಸರ್ಕಾರ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುಮಾಡಿತು. 1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಪ್ರಧಾನಿ ವಿ.ಪಿ. ಸಿಂಗ್ ಬಂದು ಘೋಷಿಸಿದರು. ಅದೇ ವರ್ಷ ಗಾಂಧಿ ಜಯಂತಿಯಿಂದ ಮಕ್ಕಳ ದಿನಾಚರಣೆಯವರೆಗೆ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದ ಉದ್ದಗಲ ಓಡಾಡಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ವಿಜಾಪುರದಂಥ ಜಿಲ್ಲೆಗಳು ಮೊದಲು ಹೊರಟವು, ಉಳಿದವು ಹಿಂದೆ ಬಂದವು. ನಮ್ಮ ಮಂಡ್ಯ ಸೀಮೆಯ ಊರುಗಳಿಗೂ ಒಂದು ಸಂಜೆ ಕಲಾಜಾಥಾದ ಜೀಪು ಬಂತು. ತಮಟೆ, ಹಾಡು, ಬೀದಿ ನಾಟಕ. ಓದು ಬಾರದ ರೈತನೊಬ್ಬ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳಕೊಳ್ಳುವ ನಾಟಕ. ಸಾಹುಕಾರನ ಪಾತ್ರ ಮಾಡಿದವನಿಗೆ ಹೆಂಗಸರು ನಿಜಕ್ಕೂ ಶಾಪ ಹಾಕಿದರು. ಪಾಪ, ಅವನು ಪಕ್ಕದ ತಾಲ್ಲೂಕಿನ ಪ್ರೈಮರಿ ಶಾಲೆಯ ಮೇಷ್ಟ್ರು.

ಜೀಪು ಹೋದ ಮೇಲೆ ಉಳಿದವರು ನಾವು. ನಾವೆಂದರೆ ಸ್ವಯಂಸೇವಕರು. ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸವಿಲ್ಲದವರು, ಫೇಲಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವರು, ಪಿಯುಸಿ ಓದುತ್ತಿದ್ದ ಒಬ್ಬಿಬ್ಬರು ಹುಡುಗಿಯರು. ಸಂಬಳವಿಲ್ಲ. ಕೈಗೊಂದು ಪುಸ್ತಕದ ಕಟ್ಟು, ಒಂದು ರೋಲಪ್ ಬೋರ್ಡು, ಸೀಮೆಸುಣ್ಣ. ಹೊತ್ತು ಮುಳುಗಿ, ದನ ಕಟ್ಟಿ, ಹಿಟ್ಟು ತಿರುವಿ, ಗಂಡ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು ಹೆಂಗಸರು ಮಾರಿಗುಡಿಯ ಜಗಲಿಗೆ ಬರುವ ಹೊತ್ತಿಗೆ ಒಂಬತ್ತಾಗಿರುತ್ತಿತ್ತು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಲಾಟೀನು. ಗಂಡಸರು ಮೊದಲ ವಾರ ಬಂದರು. ಎರಡನೇ ವಾರ ಬೀಡಿ ಸೇದಲು ಎದ್ದುಹೋದವರು ವಾಪಸು ಬರಲಿಲ್ಲ. ಉಳಿದದ್ದು ಹೆಂಗಸರೇ. ಯಾವ ಊರಿನ ಕತೆ ಕೇಳಿದರೂ ಇದೇ.

ಕಲಿಸುವವನಿಗೆ ಹತ್ತೊಂಬತ್ತು, ಕಲಿಯುವವಳಿಗೆ ನಲವತ್ತೈದು. ಆಕೆ ನಿಮಗೆ ಅತ್ತೆಯೋ ಚಿಕ್ಕಮ್ಮನೋ ಆಗಬೇಕು. ಇಂಥಲ್ಲಿ ‘ಮನೆಪಾಠ ಯಾಕೆ ಬರೆದಿಲ್ಲ’ ಎಂದು ಗದರುವುದು ಹೇಗೆ? ನಮ್ಮ ಗೆಳೆಯನೊಬ್ಬ ಗದರಿದ. ಊರಿನ ಸೂಲಗಿತ್ತಿ ಸ್ಲೇಟು ಕೆಳಗಿಟ್ಟು, ‘ಏನ್ಲಾ ಮಗ, ನಿನ್ನ ಕಾಲು ಹಿಡಿದು ಆಚೆಗೆ ಎಳೆದೋಳು ನಾನು. ನಂಗೇ ಮೇಷ್ಟ್ರಾದ್ಯಾ?’ ಅಂದಳು. ಅಂದು ಪಾಠ ನಡೆಯಲಿಲ್ಲ. ಆ ಹುಡುಗನ ಹೆರಿಗೆ ಎಷ್ಟು ತ್ರಾಸದ್ದಾಗಿತ್ತು ಎಂಬ ವಿವರವೇ ರಾತ್ರಿ ಹತ್ತೂವರೆಯವರೆಗೆ ನಡೆಯಿತು. ಮಾರನೇ ದಿನದಿಂದ ಅವನು ಗದರುವುದು ಬಿಟ್ಟ. ಅವನಿಗೆ ಕೊಟ್ಟಿದ್ದ ತರಬೇತಿಯಲ್ಲಿ ಈ ಅಧ್ಯಾಯ ಇರಲಿಲ್ಲವೆಂದು ಕಾಣುತ್ತದೆ.

ಪುಸ್ತಕಗಳು ಮೂರು ಭಾಗ. ಸುಮಾರು 200 ಗಂಟೆಯಲ್ಲಿ ಮೂರನ್ನೂ ಮುಗಿಸಬೇಕು. ಮುಗಿಸಿದವರು ನಿಮಿಷಕ್ಕೆ 30 ಪದದಂತೆ ಗಟ್ಟಿಯಾಗಿ ಓದಬೇಕು, 7 ಪದದಂತೆ ನೋಡಿ ಬರೆಯಬೇಕು, ನೂರರವರೆಗಿನ ಅಂಕಿ ಬರಬೇಕು. ದೆಹಲಿಯಲ್ಲಿ ಕೂತು ಯಾರೋ ಗಡಿಯಾರ ಹಿಡಿದು ಮಾಡಿದ ಲೆಕ್ಕ. ಇವತ್ತು ಪದವಿ ಮುಗಿಸಿ ಮೊಬೈಲು ತಿಕ್ಕುವ ನಮ್ಮ ಮನೆಯ ಹುಡುಗರನ್ನು ಕೂರಿಸಿ ಕನ್ನಡದಲ್ಲಿ ನಿಮಿಷಕ್ಕೆ 7 ಪದ ತಪ್ಪಿಲ್ಲದೆ ಬರೆಸಿದರೆ ಎಷ್ಟು ಜನ ಪಾಸಾದಾರೋ, ಆ ಮಾತು ಬೇಡ.

ನಲವತ್ತು ದಾಟಿದ ಕೈಗೆ ಬಳಪ ಹಿಡಿಯುವುದು ಬಲು ಕಷ್ಟದ ಕೆಲಸ. ಕುಡುಗೋಲು ಹಿಡಿದ ಮುಷ್ಟಿ ಅದು. ಅಷ್ಟೇ ಬಲ ಹಾಕಿ ಬಳಪ ಹಿಡಿದರೆ ಪಟ್ಟೆಂದು ಮುರಿಯುತ್ತಿತ್ತು. ಗುಂಡನೆಯ ಅಕ್ಷರಗಳು ಹೇಗೋ ಬಂದವು. ಒತ್ತಕ್ಷರ ಬಂದಾಗ ಗೋಳು. ‘ಈ ಅಕ್ಷರದ ಕಾಲ್ಗೆ ಇನ್ನೊಂದು ಕೂಸು ಯಾಕೆ ತೊಡರ್ಕಂಡದೆ?’ ಎಂದು ಒಬ್ಬಳು ಕೇಳಿದಳು. ಅವಳ ಕಾಲಿಗೂ ಆಗ ಒಂದು ಕೂಸು ತೊಡರಿಕೊಂಡೇ ಇತ್ತು. ಒತ್ತಕ್ಷರವನ್ನು ಅದಕ್ಕಿಂತ ಚೆನ್ನಾಗಿ ಯಾವ ವ್ಯಾಕರಣಕಾರನೂ ವಿವರಿಸಿದ್ದನ್ನು ನಾನು ಕಂಡಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ಒತ್ತಿಗೆ ‘ಕೂಸು’ ಎಂದೇ ಹೆಸರಾಯಿತು. ‘ಅಮ್ಮ’ ಬರೆಯುವಾಗ ‘ಮಕ್ಕೆ ಮನೇ ಕೂಸು’ ಎಂದು ಹೇಳಿಕೊಂಡು ಬರೆಯುತ್ತಿದ್ದರು.

ಇನ್ನೊಂದು ಸಂಗತಿ ಯಾರ ವರದಿಯಲ್ಲೂ ಅಷ್ಟಾಗಿ ಕಾಣುವುದಿಲ್ಲ. ಅದು ಚಾಳೀಸು. ಎಷ್ಟೋ ಜನ ‘ತಲೆಗೆ ಹತ್ತಲ್ಲ ಕಣಪ್ಪ’ ಅಂದು ಬಿಟ್ಟುಹೋದದ್ದು ತಲೆಯ ದೋಷದಿಂದಲ್ಲ, ಕಣ್ಣಿನಿಂದ. ಲಾಟೀನಿನ ಬೆಳಕಿನಲ್ಲಿ ನಲವತ್ತೈದರ ಕಣ್ಣಿಗೆ ಪುಸ್ತಕದ ಅಕ್ಷರ ಇರುವೆ ಸಾಲಾಗಿಯೂ ಕಾಣುವುದಿಲ್ಲ. ಸರ್ಕಾರ ಪುಸ್ತಕ ಕೊಟ್ಟಿತು, ಸ್ಲೇಟು ಕೊಟ್ಟಿತು, ಹಾಡಿನ ಕ್ಯಾಸೆಟ್ಟೂ ಕೊಟ್ಟಿತು. ಸಂತೆಯಲ್ಲಿ ಸಿಗುವ ಅಗ್ಗದ ಕನ್ನಡಕವನ್ನು ಪುಸ್ತಕದ ಜೊತೆಗೇ ಕೊಟ್ಟಿದ್ದರೆ ನಮ್ಮ ತರಗತಿಯಲ್ಲಿ ಇನ್ನೂ ನಾಲ್ಕಾರು ಮಂದಿ ಉಳಿಯುತ್ತಿದ್ದರು. ಒಬ್ಬಾಕೆ ಗಂಡನ ಕನ್ನಡಕ ಹಾಕಿಕೊಂಡು ಬರುತ್ತಿದ್ದಳು. ಗಂಡ ರಾತ್ರಿ ರಾಮಾಯಣದ ಪುಸ್ತಕ ಓದುವ ಚಟದವನು. ಇಬ್ಬರಿಗೂ ಒಂದೇ ಹೊತ್ತಿಗೆ ಬೇಕು. ಆ ಮನೆಯಲ್ಲಿ ಸಾಕ್ಷರತೆ ಎಬ್ಬಿಸಿದ ಮೊದಲ ಜಗಳ ಕನ್ನಡಕದ್ದು.

ಅಕ್ಷರ ಕಲಿಸುವ ಕ್ರಮದ ಬಗ್ಗೆಯೂ ಆಗ ದೊಡ್ಡ ವಾದ ನಡೆಯುತ್ತಿತ್ತು. ಹಳೆಯ ಮೇಷ್ಟ್ರುಗಳಿಗೆ ಅ ಆ ಇ ಈ ಬಿಟ್ಟರೆ ದೇವರು ಮುನಿಯುತ್ತಾನೆ. ಆದರೆ ಮಾರನೇ ದಿನವೇ ಒಂದು ಪದ ಓದಿಬಿಡಬೇಕು ಎಂಬ ಆತುರದವರಿಗೆ ‘ಈ’ ಕಟ್ಟಿಕೊಂಡು ಏನಾಗಬೇಕು? 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮಕ್ಕಳಿಗಾಗಿ ‘ನಲಿ ಕಲಿ’ ಶುರುವಾಯಿತಲ್ಲ, ಅಲ್ಲಿನ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದು ಇದನ್ನು ಕಟ್ಟಿದರು. ಅದು ‘ರ ಗ ಸ ದ ಅ’ ಎಂದು ಆರಂಭವಾಗುತ್ತದೆ. ಐದು ಅಕ್ಷರ ಬಂದರೆ ಸಾಕು, ಸರ, ದರ, ಅರಸ, ಅಗಸ, ಸರಸ ಎಲ್ಲ ಓದಬಹುದು. ಅಕ್ಷರ ಕಲಿತ ವಾರದಲ್ಲೇ ಅರಸನೂ ಅಗಸನೂ ಒಟ್ಟಿಗೆ ಬಂದು ನಿಲ್ಲುತ್ತಾರೆ. 2009-10ರ ಹೊತ್ತಿಗೆ ಇದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಮೊಮ್ಮಗಳು ‘ರಗಸದಅ’ ಎಂದು ರಾಗವಾಗಿ ಹೇಳುವಾಗ ಅಜ್ಜಿಯರು, ‘ಇದ್ಯಾವ ಮಗ್ಗಿಯೇ?’ ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಅದನ್ನು ಇನ್ನಷ್ಟು ಮೊದಲೇ ನಮ್ಮ ಜಗಲಿಯವರೆಗೆ ತಂದಿದ್ದರೆ ಬಳಪದ ಖರ್ಚಾದರೂ ಉಳಿಯುತ್ತಿತ್ತು.

ಈಗ ವಿಷಯಕ್ಕೆ ಬರೋಣ. ಈ ಹೆಂಗಸರು ಯಾಕೆ ಕಲಿಯಲು ಬಂದರು? ನಾಟಕದಲ್ಲಿ ತೋರಿಸಿದ ಸಾಲದ ಪತ್ರಕ್ಕಾಗಿ ಅಲ್ಲ. ಸಾಲ ಕೊಡುವವರು ಇವರಿಗೆ ಪತ್ರವಿಟ್ಟು ಕೊಡುವುದೂ ಇಲ್ಲ, ಬಾಯಿಮಾತಿನಲ್ಲೇ ಮುಗಿಸುತ್ತಾರೆ. ಹೆಚ್ಚಿನವರಿಗೆ ಬೇಕಾಗಿದ್ದದ್ದು ಬಸ್ಸಿನ ಬೋರ್ಡು. ತವರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಂಡವರನ್ನೆಲ್ಲ ‘ಅಣ್ಣಾ, ಇದು ಮಳವಳ್ಳಿಗೆ ಹೋಯ್ತದಾ?’ ಎಂದು ಕೇಳಬೇಕು. ಕೆಲವರು ಹೇಳುತ್ತಾರೆ, ಕೆಲವರು ನಗುತ್ತಾರೆ, ಕೆಲವರು ಬೇಕೆಂದೇ ತಪ್ಪು ಹೇಳುತ್ತಾರೆ. ನಮ್ಮ ತರಗತಿಯಿಂದ ಮೊದಲು ಬೋರ್ಡು ಓದಿದವಳು ಮಾರನೇ ರಾತ್ರಿ ಬಂದು ಆ ಪ್ರಸಂಗವನ್ನು ಯುದ್ಧ ಗೆದ್ದವರ ಹಾಗೆ ಹೇಳಿದಳು. ಬೋರ್ಡಿನ ಬಣ್ಣ ಎದ್ದುಹೋಗಿ ‘ಮಳವಳ್ಳಿ’ಯ ಮೊದಲ ಅಕ್ಷರವೇ ಇರಲಿಲ್ಲವಂತೆ. ‘ಳವಳ್ಳಿ’ ಅಂತ ಓದಿದಳಂತೆ. ಇಂಥ ಊರು ಎಲ್ಲಿಯದಪ್ಪ ಎಂದು ಒಂದು ಗಳಿಗೆ ಯೋಚಿಸಿ, ಆಮೇಲೆ ತಾನೇ ‘ಮ’ ಸೇರಿಸಿ ಹತ್ತಿದಳಂತೆ. ಪುಸ್ತಕದ ಮೂರನೇ ಭಾಗ ಮುಗಿಸಿದವರೂ ಇಂಥ ಪರೀಕ್ಷೆ ಪಾಸುಮಾಡಿದ್ದು ಕಡಮೆ.

ಎರಡನೆಯದು ಡೈರಿ ಪಾಸ್‌ಬುಕ್ಕು. ಮಂಡ್ಯ ಸೀಮೆಯಲ್ಲಿ ಹಾಲು ಕರೆಯುವುದು, ಡೈರಿಗೆ ಹಾಕುವುದು ಹೆಂಗಸರ ಕೆಲಸ. ಬೆಳಗ್ಗೆ ಇಷ್ಟು, ಸಂಜೆ ಇಷ್ಟು, ಫ್ಯಾಟ್ ಇಷ್ಟು, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಬರೆಯುವವನು ಬರೆಯುತ್ತಾನೆ, ಇವರು ಪುಸ್ತಕ ಮಡಿಚಿ ಸೆರಗಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಅಂಕಿ ಕಲಿತ ಮೇಲೆ ಒಬ್ಬಾಕೆ ಕೌಂಟರಿನಲ್ಲೇ ಪಾಸ್‌ಬುಕ್ ಬಿಡಿಸಿ ನೋಡಿದಳು. ಮೂರು ಲೀಟರ್ ಇನ್ನೂರು ಮಿಲಿ ಹಾಕಿದ್ದಕ್ಕೆ ಬರೀ ಮೂರು ಬಿದ್ದಿತ್ತು. ‘ಇಲ್ಲಿ ಚುಕ್ಕೆ ಆದ ಮೇಲೆ ಎರಡು ಬರ್ಬೇಕಲ್ವಾ?’ ಅಂದಳು. ಬರೆಯುವವನು ಪೆನ್ನು ಬಿಟ್ಟು ಒಂದು ಸಲ ಅವಳ ಮುಖ ನೋಡಿ, ಗೊಣಗುತ್ತ ಎರಡು ಸೇರಿಸಿದನಂತೆ. ಮರುದಿನದಿಂದ ಸಾಲಿನಲ್ಲಿದ್ದ ಎಲ್ಲ ಹೆಂಗಸರೂ ಪಾಸ್‌ಬುಕ್ ಬಿಡಿಸಿ ನೋಡತೊಡಗಿದರು. ಓದು ಬರುವವರೂ ನೋಡಿದರು, ಬಾರದವರೂ ನೋಡಿದರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎನ್ನುವುದು ಬರೆಯುವವನಿಗೆ ಹೇಗೆ ಗೊತ್ತಾಗಬೇಕು? ಸಾಕ್ಷರತೆಯ ಪರಿಣಾಮ ಅಳೆಯುವವರು ಈ ಬಾರದವರನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ನನ್ನ ವಾದ. ಒಬ್ಬಳು ಕಲಿತರೆ ಸಾಲಿನಲ್ಲಿರುವ ಹತ್ತು ಜನರ ಹಾಲಿನ ಅಳತೆ ನೆಟ್ಟಗಾಗುತ್ತದೆ.

ಪುಸ್ತಕ ಬರೆದವರ ಎಣಿಕೆಗೂ ಮೀರಿ ಈ ಕಲಿಕೆ ಎಲ್ಲೆಲ್ಲೋ ಹೋಗಿ ಮುಟ್ಟಿದ್ದುಂಟು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಕತೆ ಎಲ್ಲರಿಗೂ ಗೊತ್ತಿರಬೇಕಾದದ್ದು. ಅಲ್ಲಿನ ರಾತ್ರಿ ಶಾಲೆಯ ಪುಸ್ತಕದಲ್ಲಿ ಸೀತಮ್ಮ ಎಂಬವಳ ಕತೆಯೊಂದಿತ್ತು. ಹೆಂಗಸರನ್ನು ಕೂಡಿಸಿಕೊಂಡು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದವಳ ಕತೆ. ಪಾಠ ಓದಿದವರು, ‘ಇದು ನಮ್ಮ ಮನೇದೇ ಕತೆಯಲ್ಲವೇ’ ಅಂದುಕೊಂಡು ಎದ್ದರು. ಅಂಗಡಿಗೆ ಹೋಗಿ ಕೂತರು. 1992ರಲ್ಲಿ ಅದು ಊರಿಂದ ಊರಿಗೆ ಹಬ್ಬಿತು. ಹರಾಜು ನಡೆಸಲು ಅಧಿಕಾರಿಗಳಿಗೆ ಆಗದಂತಾಯಿತು. 1993ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. ಪಠ್ಯಪುಸ್ತಕ ಬರೆಯುವ ಸಮಿತಿಯವರು ಕನಸಿನಲ್ಲೂ ಎಣಿಸದ ಮನೆಪಾಠ ಅದು. ಸರ್ಕಾರ ಕೊಟ್ಟ ಪುಸ್ತಕ ಓದಿ ಸರ್ಕಾರದ ಬೊಕ್ಕಸಕ್ಕೇ ಕೈ ಹಾಕಿದರಲ್ಲ! ನಮ್ಮಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಅದು ನಿಂತ ಬಗೆ ಬೇರೆ, ಅದರ ಜಾಗಕ್ಕೆ ಬಂದದ್ದೇನು ಎನ್ನುವುದೂ ಬೇರೆ ಹರಟೆ.

ತಮಿಳುನಾಡಿನ ಪುದುಕ್ಕೋಟ್ಟೈನಲ್ಲಿ ಇನ್ನೊಂದು ದಿಕ್ಕು. ಅಲ್ಲಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೇ ಸೈಕಲ್ಲನ್ನೂ ಆಂದೋಲನಕ್ಕೆ ಸೇರಿಸಿದರು. ಸಾವಿರಾರು ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಆಮೇಲೆ ಅಲ್ಲಿಗೆ ಹೋಗಿ ಬರೆದಿದ್ದಾರೆ: ಲೇಡೀಸ್ ಸೈಕಲ್ ಸಿಗದೆ ಜೆಂಟ್ಸ್ ಸೈಕಲ್ಲನ್ನೇ ತುಳಿದರಂತೆ, ಕೆಲವರಿಗೆ ಅದೇ ಹೆಚ್ಚು ಅನುಕೂಲವೂ ಆಯಿತಂತೆ. ಮುಂದಿನ ಕಂಬಿಯ ಮೇಲೆ ಮಗು ಕೂರಿಸಿಕೊಳ್ಳಬಹುದಲ್ಲ. ನೀರಿಗೆ, ಸಂತೆಗೆ, ಕೂಲಿಗೆ ಯಾರನ್ನೂ ಕಾಯದೆ ಹೊರಟರು. ನಮ್ಮೂರಿನಲ್ಲಿ ಆಗ ಹೆಂಗಸೊಬ್ಬಳು ಸೈಕಲ್ ಹತ್ತಿದ್ದರೆ ಮಾರಿಹಬ್ಬದಷ್ಟು ಜನ ಸೇರುತ್ತಿದ್ದರು. ಇವತ್ತು ಸ್ಕೂಟಿಯಲ್ಲಿ ಹೋಗುವವರನ್ನು ಯಾರೂ ತಿರುಗಿ ನೋಡುವುದಿಲ್ಲ, ಸೈಲೆನ್ಸರ್ ಸದ್ದು ಮಾಡಿದರೆ ಮಾತ್ರ ನೋಡುತ್ತಾರೆ.

ಹೀಗೆಲ್ಲ ಹೇಳಿದೆನೆಂದು ಆಂದೋಲನವನ್ನು ಹೊತ್ತು ಮೆರೆಸುತ್ತಿದ್ದೇನೆ ಅಂದುಕೊಳ್ಳಬೇಡಿ. ಅದರ ದೊಡ್ಡ ರೋಗ ಘೋಷಣೆಯದು. ಜಿಲ್ಲೆಯ ಗಡಿಯಲ್ಲಿ ‘ಸಂಪೂರ್ಣ ಸಾಕ್ಷರ ಜಿಲ್ಲೆಗೆ ಸ್ವಾಗತ’ ಎಂಬ ಬೋರ್ಡು ನಿಲ್ಲಿಸಬೇಕು, ಮಂತ್ರಿಗಳು ಬರಬೇಕು, ಶಾಮಿಯಾನ ಹಾಕಬೇಕು. ಸಾಕ್ಷರತಾ ಮಿಷನ್ನು ಗುರಿಯಿಟ್ಟದ್ದು ಮುಖ್ಯವಾಗಿ 15ರಿಂದ 35ರ ವಯಸ್ಸಿನವರ ಮೇಲೆ. ಅವರಲ್ಲಿ ಬಹುಪಾಲು ಜನ ಪುಸ್ತಕ ಮುಗಿಸಿದರೆ ‘ಸಂಪೂರ್ಣ’. ಮೂವತ್ತೈದು ದಾಟಿದವರು ಆ ಸಂಪೂರ್ಣದ ಹೊರಗೆ ಕೂತು ಶಾಮಿಯಾನ ನೋಡಬೇಕು. ಹಾಗೆಂದು ಅಂಕಿಗಳು ಸುಳ್ಳೇನೂ ಅಲ್ಲ. ಜನಗಣತಿಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಓದು ಬಲ್ಲವರು 1991ರಲ್ಲಿ ಶೇ. 44, 2001ರಲ್ಲಿ ಶೇ. 57ರ ಹತ್ತಿರ, 2011ರಲ್ಲಿ ಶೇ. 68. ಇಪ್ಪತ್ತು ವರ್ಷದಲ್ಲಿ ಇದು ಸಣ್ಣ ನಡಿಗೆಯಲ್ಲ. ಆದರೆ ಇದರಲ್ಲಿ ದೊಡ್ಡ ಪಾಲು ರಾತ್ರಿ ಶಾಲೆಯದಲ್ಲ, ಹಗಲು ಶಾಲೆಯದು. ಹೆಣ್ಣುಮಕ್ಕಳನ್ನು ಒಂದನೇ ತರಗತಿಗೆ ಸೇರಿಸಿ ಅಲ್ಲೇ ಉಳಿಸಿಕೊಂಡದ್ದರ ಫಲ. 2002ರಲ್ಲಿ ಕಲಬುರ್ಗಿ, ರಾಯಚೂರು ಮೊದಲಾದ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಎಷ್ಟು ಮಕ್ಕಳನ್ನು ಹೊಲದಿಂದ ಶಾಲೆಗೆ ಎಳೆದು ತಂದಿತೋ, ಅಷ್ಟನ್ನು ಯಾವ ಭಾಷಣವೂ ತಂದಿರಲಾರದು. ಅನ್ನದ ವಾಸನೆಗೆ ಇರುವ ಶಕ್ತಿ ಘೋಷಣೆಗೆ ಎಲ್ಲಿಂದ ಬರಬೇಕು?

ರಾತ್ರಿ ಶಾಲೆ ಹಗಲು ಶಾಲೆಗೆ ಮಾಡಿದ ಉಪಕಾರವೂ ಒಂದಿದೆ. ಜಗಲಿಯ ಮೇಲೆ ಬಳಪ ಮುರಿದ ತಾಯಿ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಒಪ್ಪಲಿಲ್ಲ. ತಾನು ಕಲಿತದ್ದು ಅರೆಬರೆ ಎಂದು ಅವಳಿಗೇ ಚೆನ್ನಾಗಿ ಗೊತ್ತಿತ್ತು. ಇಂಥದೇ ಹಟದ, ಮಂಗಳೂರಿನ ಹತ್ತಿರ ಹರೇಕಳದ ಹಾಜಬ್ಬ ಅವರ ವಿಷಯ ಓದಿದ್ದೀರಿ. ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರುತ್ತಿದ್ದವರು, ಓದು ಬಾರದವರು. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನಾಚಿದವರು. ಆ ನಾಚಿಕೆಯನ್ನು ಅವರು ತಮ್ಮ ಊರಿನಲ್ಲಿ ಶಾಲೆಯಾಗಿ ಕಟ್ಟಿದರು. ಹಣ್ಣು ಮಾರಿ ಉಳಿಸಿದ ಕಾಸು, ಕಂಡಕಂಡವರ ಬಳಿ ಬೇಡಿದ ಕಾಸು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಪಂಚೆ ಉಟ್ಟು, ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದು ಹೋದ ಆ ಮನುಷ್ಯನನ್ನು ಸಾಕ್ಷರರ ಪಟ್ಟಿಗೆ ಸೇರಿಸುವುದೋ ನಿರಕ್ಷರರ ಪಟ್ಟಿಗೋ, ಜನಗಣತಿಯವರೇ ಹೇಳಬೇಕು.

ಕಲಿತ ಅಕ್ಷರ ಉಳಿಯಿತೇ ಎನ್ನುವುದು ಬೇರೆ ಪ್ರಶ್ನೆ. ನಮ್ಮ ತರಗತಿ ಮುಗಿದು ಶಾಮಿಯಾನ ಬಿಚ್ಚಿ ಐದಾರು ವರ್ಷದ ಮೇಲೆ ನಾನು ಊರಿಗೆ ಹೋದಾಗ ಯಾರು ಯಾರಿಗೆ ಎಷ್ಟು ಉಳಿದಿದೆ ಎಂದು ಕುತೂಹಲಕ್ಕೆ ಕೇಳಿದೆ. ಬಸ್ಸು ಹತ್ತುವವರಿಗೆ ಬೋರ್ಡು ಉಳಿದಿತ್ತು. ಹಾಲು ಹಾಕುವವರಿಗೆ ಅಂಕಿ ಉಳಿದಿತ್ತು. ಸಂಘದ ಪುಸ್ತಕ ಬರೆಯುತ್ತಿದ್ದ ಒಬ್ಬಳಿಗೆ ಎಲ್ಲವೂ ಉಳಿದು, ಕೈಬರಹ ನನ್ನದಕ್ಕಿಂತ ಚೆಂದವಾಗಿತ್ತು. ಮನೆ, ಹೊಲ ಬಿಟ್ಟು ಎಲ್ಲೂ ಹೋಗದವರಿಗೆ ರುಜು ಮಾತ್ರ ಉಳಿದಿತ್ತು. ಅದನ್ನೂ ಅವರು ಬರೆಯುತ್ತಿರಲಿಲ್ಲ, ರಂಗೋಲಿಯಂತೆ ಒಂದೇ ಎಳೆಯಲ್ಲಿ ಬಿಡಿಸುತ್ತಿದ್ದರು. ಅವರ ತಪ್ಪಿಲ್ಲ. ಆ ಊರಿನಲ್ಲಿ ಓದುವುದಕ್ಕೆ ಏನಿತ್ತು? ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು, ಚುನಾವಣೆಯ ಹೊತ್ತಿಗೆ ಪಕ್ಷದ ಗುರುತು. ಪೇಪರು ಬರುವುದು ಟೀ ಅಂಗಡಿಗೆ. ಅಲ್ಲಿಗೆ ಹೆಂಗಸರು ಹೋಗುವಂತಿಲ್ಲ. ಓದುವುದನ್ನು ಕಲಿಸಿದರು, ಓದಲಿಕ್ಕೆ ಕೊಡುವುದನ್ನು ಮರೆತರು. ಆಮೇಲೆ ‘ಮುಂದುವರಿಕೆ ಕೇಂದ್ರ’ ಎಂದು ಒಂದು ಕೋಣೆ ಮಾಡಿದರು, ನಿಜ. ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಊರಿಗೆ ಒಗಟಾಗಿತ್ತು.

ಅದಕ್ಕೇ ಈಚೆಗೆ ನನಗೆ ಖುಷಿ ಕೊಟ್ಟದ್ದು ಗ್ರಾಮ ಪಂಚಾಯಿತಿ ಲೈಬ್ರರಿಗಳು. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಇವೆ. 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆಗಳೆಲ್ಲ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ‘ಓದುವ ಬೆಳಕು’ ಎಂದು ಶುರುಮಾಡಿ 6ರಿಂದ 18ರ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಇವುಗಳ ಹೆಸರು ‘ಅರಿವು ಕೇಂದ್ರ’. ಎಲ್ಲ ಊರಲ್ಲೂ ಒಂದೇ ತೆರನಾಗಿಲ್ಲ. ಕೆಲವು ಕಡೆ ಗೋಡೆಗೆ ಚಿತ್ರ ಬರೆಸಿ, ಕಂಪ್ಯೂಟರ್ ಇಟ್ಟು ಲಕಲಕ ಅನ್ನಿಸಿದ್ದಾರೆ. ಕೆಲವು ಕಡೆ ಮೇಲ್ವಿಚಾರಕರೇ ಕಸ ಗುಡಿಸಿ, ಪೇಪರು ಜೋಡಿಸಿ, ಮಕ್ಕಳ ಜಗಳ ಬಿಡಿಸಿ, ಸಂಬಳ ಯಾವಾಗ ಬರುತ್ತದೆ ಎಂದು ಕಾಯುತ್ತಿರುತ್ತಾರೆ. ನಮ್ಮೂರಿನದು ಎರಡನೆಯ ಜಾತಿ. ಆದರೂ ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಕೂಡಲೇ ಮಕ್ಕಳು ಬ್ಯಾಗು ಬಿಸಾಕಿ ನೆಲದ ಮೇಲೆ ಕೂತು ಚಿತ್ರದ ಪುಸ್ತಕಕ್ಕೆ ಕಿತ್ತಾಡುವುದನ್ನು ನೋಡಬೇಕು. ಕೆಲವು ಪುಸ್ತಕ ಮನೆಗೆ ಹೋಗುತ್ತವೆ. ಮನೆಯಲ್ಲಿ ಅಜ್ಜಿ ಚಾಳೀಸು ಏರಿಸಿಕೊಂಡು ಕಾಗೆ ನರಿಯ ಕತೆಯನ್ನು ಅಕ್ಷರ ಅಕ್ಷರವಾಗಿ ಕೂಡಿಸುತ್ತಾಳೆ. ಮೊಮ್ಮಗ ತಾಳ್ಮೆಗೆಟ್ಟು, ‘ಹಂಗಲ್ಲ ಕಣಜ್ಜಿ, ಕೊಡಿಲ್ಲಿ’ ಎಂದು ಕಿತ್ತುಕೊಂಡು ತಾನೇ ಓದಿಬಿಡುತ್ತಾನೆ. ಮೂವತ್ತು ವರ್ಷದ ಹಿಂದೆ ನಾವೂ ಹೀಗೇ ತಾಳ್ಮೆಗೆಡುತ್ತಿದ್ದೆವು, ಆದರೆ ಕಿತ್ತುಕೊಳ್ಳುವ ಧೈರ್ಯವಿರಲಿಲ್ಲ.

ಈ ಮೊಬೈಲು ಬಂದ ಮೇಲೆ ಓದು ಬಾರದಿದ್ದರೂ ನಡೆಯುತ್ತದೆ ಎನ್ನುವವರಿದ್ದಾರೆ. ನಮ್ಮ ಚಿಕ್ಕಮ್ಮ ವಾಟ್ಸ್‌ಆ್ಯಪಿನಲ್ಲಿ ಬಾಯಲ್ಲೇ ಮಾತಾಡಿ ಕಳಿಸುತ್ತಾರೆ, ಮೂರು ನಿಮಿಷ, ಐದು ನಿಮಿಷ. ಅದರಲ್ಲಿ ಹಿನ್ನೆಲೆಗೆ ಕುಕ್ಕರಿನ ಸೀಟಿಯೂ ಕೇಳುತ್ತದೆ. ಅಕ್ಷರವಿಲ್ಲದೆ ಅವರ ಬದುಕು ನಿಂತಿಲ್ಲ. ಆದರೆ ಅವರಿಗೆ ಬಂದದ್ದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಕೇಳಲು ಇನ್ನೂ ಮಗನೇ ಬೇಕು. ಅದಕ್ಕೆ ಓದು ಬಂದರೂ ಸಾಲದು ಅನ್ನಿ. ಓದು ಬಲ್ಲ ನಮ್ಮ ಗೆಳೆಯರೇ ದಿನಬೆಳಗಾದರೆ ಏನೇನನ್ನು ಫಾರ್ವರ್ಡ್ ಮಾಡುತ್ತಾರೆ ಎಂಬುದು ನಿಮಗೂ ಗೊತ್ತು. ಇದರ ನಡುವೆಯೂ ಕಲಿಯುವ ಆಸೆಗೆ ವಯಸ್ಸಾಗಿಲ್ಲ. ಕೇರಳದ ಆಲಪ್ಪುಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ತೆಗೆದರು. ಇಡೀ ದೇಶ ಬೆರಗಾಯಿತು. ಹೋದ ಆ ಎರಡು ಅಂಕದ ಬಗ್ಗೆ ನನಗಿನ್ನೂ ಸಿಟ್ಟಿದೆ. 96 ವರ್ಷದವರಿಗೆ ಎರಡು ಅಂಕ ಕಡಿಯಲು ಆ ಪರೀಕ್ಷಕರಿಗೆ ಹೇಗೆ ಕೈ ಬಂತೋ!

ನಮ್ಮಲ್ಲೂ ಈಗ ಹೊಸ ಕಾರ್ಯಕ್ರಮ ನಡೆಯುತ್ತಿದೆ. ‘ಉಲ್ಲಾಸ್’ ಎಂದು ಹೆಸರು, ‘ಬಾಳಿಗೆ ಬೆಳಕು’ ಎಂಬ ಪುಸ್ತಕ. 35ರ ಗೆರೆ ಹೋಗಿದೆ, 15 ದಾಟಿದ ಯಾರು ಬೇಕಾದರೂ ಬರಬಹುದು. ಕಳೆದ ಸಲ ಊರಿಗೆ ಹೋದಾಗ ಪಂಚಾಯಿತಿ ಲೈಬ್ರರಿಯಲ್ಲಿ ಕೂತಿದ್ದೆ. ನಮ್ಮ ಹಳೆಯ ತರಗತಿಯ ಹೆಂಗಸು, ಅದೇ ಡೈರಿ ಪಾಸ್‌ಬುಕ್ಕಿನ ಚುಕ್ಕೆ ಹಿಡಿದವಳು, ನನ್ನನ್ನು ಕಂಡು ಒಳಗೆ ಬಂದಳು. ಈಗ ಹಾಲಿನ ದುಡ್ಡು ಕೈಗೆ ಬರುವುದಿಲ್ಲ, ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನಿಂದ ಮೊಬೈಲಿಗೆ ಮೆಸೇಜು ಬರುತ್ತದೆ. ಸೆರಗಿನಿಂದ ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು. ಇಂಗ್ಲಿಷಿನಲ್ಲಿತ್ತು. ಖಾತೆಯ ನಂಬರಿನ ಅರ್ಧಕ್ಕೆ ಗುಣಾಕಾರದ ಚಿಹ್ನೆ, ನಡುವೆ ಒಂದಷ್ಟು ದೊಡ್ಡಕ್ಷರ. ಎಷ್ಟು ಬಂತು, ಎಷ್ಟು ಮುರಿದುಕೊಂಡರು, ಯಾತಕ್ಕೆ ಮುರಿದುಕೊಂಡರು, ಒಂದೂ ಅವಳಿಗೆ ತಿಳಿಯದು. ಮಾತ್ರೆಯ ಪಟ್ಟಿಯ ಮೇಲೂ ಹಾಗೇ, ಔಷಧಿ ಅಂಗಡಿಯ ಬಿಲ್ಲಿನ ಮೇಲೂ ಹಾಗೇ ಎಂದಳು. ಮೊಬೈಲು ಮಗನ ಕೈಗೆ ಕೊಟ್ಟರೆ, ‘ಇರವ್ವ, ಆಮೇಲೆ ನೋಡ್ತೀನಿ’ ಅನ್ನುತ್ತಾನಂತೆ.

ನಾನು ಓದಿ ಹೇಳಿದೆ. ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಯಾವುದೋ ಶುಲ್ಕವೆಂದು ಹೋಗಿತ್ತು. ‘ಯಾವುದೋ ಅಂದ್ರೆ?’ ಎಂದಳು. ನನಗೂ ಗೊತ್ತಾಗಲಿಲ್ಲ. ಅವಳು ಮೊಬೈಲು ವಾಪಸು ತೆಗೆದುಕೊಂಡು ಅಂದಳು: ‘ನೋಡಪ್ಪ, ಅ ಆ ಇ ಈ ಎಲ್ಲಾ ಬರ್ತದೆ ನಂಗೆ. ಆ ಬಾಳಿಗೆ ಬೆಳಕೋ ಏನೋ, ಅದನ್ನ ಸೊಸೆ ಕಲ್ತ್ಕಳ್ಳಿ. ಈ ಬ್ಯಾಂಕಿನೋರಿಗೆ ಕನ್ನಡ ಕಲ್ಸೋ ಕ್ಲಾಸು ಎಲ್ಲಿ ಮಾಡ್ತಾವ್ರೆ, ಕೇಳ್ಕಂಡು ಬಂದು ಹೇಳು.’